ಬೆಳೆ ವೀಕ್ಷಣೆಗೆ ಡ್ರೋನ್ ಕ್ಯಾಮೆರಾ: ಯಾವ ಸೆನ್ಸರ್ ಸೂಕ್ತ?

ಡ್ರೋನ್‌ನಿಂದ ಬೆಳೆಯ ಚಿತ್ರ ತೆಗೆಸುವಾಗ ಕ್ಯಾಮೆರಾ ಎಷ್ಟು ಮೆಗಾಪಿಕ್ಸೆಲ್‌ನದು ಎಂದು ವಿಚಾರಿಸುವುದು ರೂಢಿ. ಆದರೆ ಬೆಳೆಯ ಆರೋಗ್ಯ ತಿಳಿಯಲು ಆ ಸಂಖ್ಯೆಗಿಂತ ಸೆನ್ಸರ್ ಯಾವ ಬೆಳಕನ್ನು ಗ್ರಹಿಸುತ್ತದೆ ಎಂಬುದೇ ಮುಖ್ಯ. ಎರಡು ಕ್ಯಾಮೆರಾಗಳನ್ನು ಹೋಲಿಸಿದರೆ ಇದು ಸ್ಪಷ್ಟವಾಗುತ್ತದೆ.

ಸಾಮಾನ್ಯ ಬಣ್ಣದ ಕ್ಯಾಮೆರಾ

2016ರಲ್ಲಿ ಬಂದ ಫ್ಯಾಂಟಮ್ 4 ಪ್ರೊ ಡ್ರೋನ್‌ನ ಕ್ಯಾಮೆರಾದಲ್ಲಿ 20 ಮೆಗಾಪಿಕ್ಸೆಲ್‌ನ ಒಂದೇ ಸೆನ್ಸರ್ ಇದೆ. ಇಂತಹ ಸೆನ್ಸರಿನ ಬಿಂದುಗಳಲ್ಲಿ ಅರ್ಧದಷ್ಟು ಹಸಿರನ್ನೂ, ಕಾಲು ಭಾಗ ಕೆಂಪನ್ನೂ, ಉಳಿದ ಕಾಲು ಭಾಗ ನೀಲಿಯನ್ನೂ ಗ್ರಹಿಸುತ್ತವೆ. ಕಣ್ಣಿಗೆ ಕಾಣದ ಅವಕೆಂಪು ಕಿರಣಗಳನ್ನು ಶೋಧಕವೊಂದು ತಡೆಯುತ್ತದೆ. 120 ಮೀಟರ್ ಎತ್ತರದಲ್ಲಿ ಚಿತ್ರದ ಒಂದು ಬಿಂದು ನೆಲದ ಸುಮಾರು 3.3 ಸೆಂ.ಮೀ. ಅಗಲಕ್ಕೆ ಸಮ.

ಬಹುಪಟ್ಟಿ ಕ್ಯಾಮೆರಾ

ಮೈಕಾಸೆನ್ಸ್ ರೆಡ್‌ಎಡ್ಜ್-ಎಂಎಕ್ಸ್ ಕ್ಯಾಮೆರಾದಲ್ಲಿ ಐದು ಪ್ರತ್ಯೇಕ ಸೆನ್ಸರುಗಳಿವೆ. ಪ್ರತಿಯೊಂದೂ ಕೇವಲ 1.2 ಮೆಗಾಪಿಕ್ಸೆಲ್, ಅದೇ ಎತ್ತರದಲ್ಲಿ ಒಂದು ಬಿಂದು 8 ಸೆಂ.ಮೀ.ಗೆ ಸಮ. ಆದರೆ ನೀಲಿ, ಹಸಿರು, ಕೆಂಪುಗಳ ಜೊತೆಗೆ ಕೆಂಪಿನ ಅಂಚು ಮತ್ತು ಅವಕೆಂಪು ಕಿರಣಗಳನ್ನೂ ಇದು ಬೇರೆ ಬೇರೆಯಾಗಿ ಅಳೆಯುತ್ತದೆ.

ವ್ಯತ್ಯಾಸದ ಮಹತ್ವ

ಆರೋಗ್ಯವಂತ ಎಲೆಯ ಪತ್ರಹರಿತ್ತು ಕೆಂಪು ಬೆಳಕನ್ನು ಹೀರುತ್ತದೆ. ಎಲೆಯ ಒಳರಚನೆ ಅವಕೆಂಪನ್ನು ಹೆಚ್ಚಾಗಿ ಪ್ರತಿಫಲಿಸುತ್ತದೆ. ಅವಕೆಂಪಿನಿಂದ ಕೆಂಪನ್ನು ಕಳೆದು, ಅವೆರಡರ ಮೊತ್ತದಿಂದ ಭಾಗಿಸಿದರೆ ಎನ್‌ಡಿವಿಐ ಎಂಬ ಸಸ್ಯ ಸೂಚ್ಯಂಕ ದೊರೆಯುತ್ತದೆ. ಉದಾಹರಣೆಗೆ, ಪ್ರತಿಫಲನ ಅವಕೆಂಪಿನಲ್ಲಿ ಶೇ. 50, ಕೆಂಪಿನಲ್ಲಿ ಶೇ. 5 ಇದ್ದರೆ ಸೂಚ್ಯಂಕ 0.82. ಅವು ಶೇ. 40 ಮತ್ತು ಶೇ. 12 ಆದರೆ 0.54ಕ್ಕೆ ಇಳಿಯುತ್ತದೆ. ಸಾಮಾನ್ಯ ಕ್ಯಾಮೆರಾದಿಂದ ಈ ಲೆಕ್ಕ ಸಾಧ್ಯವಿಲ್ಲ.

ಆಯ್ಕೆ ಮತ್ತು ಬಳಕೆ

1. ಸಸಿಗಳ ಎಣಿಕೆ, ಹುಸಿ ಹೋದ ಜಾಗ, ಒರಗಿದ ಬೆಳೆ, ಕಳೆಯ ಮಚ್ಚೆಗಳನ್ನು ಗುರುತಿಸಲು ಸಾಮಾನ್ಯ ಕ್ಯಾಮೆರಾ ಸಾಕು.

2. ಬೆಳವಣಿಗೆಯ ಏರುಪೇರನ್ನು ಅಳೆಯಲು ಬಹುಪಟ್ಟಿ ಕ್ಯಾಮೆರಾ ಬೇಕು. ಹಾರಾಟಕ್ಕೆ ಮೊದಲು ಮತ್ತು ನಂತರ ಪ್ರತಿಫಲನ ಫಲಕದ ಚಿತ್ರ ತೆಗೆಯಬೇಕು. ಇಲ್ಲದಿದ್ದರೆ ಬೇರೆ ಬೇರೆ ದಿನಗಳ ಚಿತ್ರಗಳನ್ನು ಹೋಲಿಸಲು ಬರುವುದಿಲ್ಲ.

3. ಬೆಳೆ ದಟ್ಟವಾಗಿ ನೆಲ ಮುಚ್ಚಿದ ಮೇಲೆ ಎನ್‌ಡಿವಿಐ ಹೆಚ್ಚು ಬದಲಾಗುವುದಿಲ್ಲ. ಆಗ ಕೆಂಪಿನ ಅಂಚಿನ ಪಟ್ಟಿ ಹೆಚ್ಚು ಉಪಯುಕ್ತ.

ಸೂಚ್ಯಂಕ ಕುಗ್ಗಲು ಸಾರಜನಕದ ಕೊರತೆಯಷ್ಟೇ ಕಾರಣವಲ್ಲ; ನೀರಿನ ಅಭಾವ, ನಿಂತ ನೀರು, ಕೀಟ, ರೋಗಗಳಿಂದಲೂ ಅದು ಕುಗ್ಗುತ್ತದೆ. ಚಿತ್ರವನ್ನಷ್ಟೇ ನಂಬಿ ಯೂರಿಯಾ ಹಾಕಿದರೆ ಗೊಬ್ಬರವೂ ಹಣವೂ ವ್ಯರ್ಥವಾಗಬಹುದು. ಆದುದರಿಂದ ಚಿತ್ರ ತೋರಿಸಿದ ಜಾಗಕ್ಕೆ ಹೋಗಿ ಎಲೆ, ಬೇರು, ಮಣ್ಣಿನ ತೇವಗಳನ್ನು ಪರೀಕ್ಷಿಸಿದ ನಂತರವೇ ರೈತರು ಉಪಚಾರ ಕೈಗೊಳ್ಳಬೇಕು.