ಪಟ್ಟಿಗೆ ಸಿಗದ ಧರ್ಮಗಳು

ಪದವಿ ತರಗತಿಯಲ್ಲಿ ಜಗತ್ತಿನ ಧರ್ಮಗಳನ್ನು ಓದಲು ಹೊರಟವರ ಕೈಗೆ ಮೊದಲು ಸಿಗುವುದು ಒಂದು ಪಟ್ಟಿ. ಸ್ಥಾಪಕರು ಯಾರು, ಗ್ರಂಥ ಯಾವುದು, ದೇವರ ಬಗ್ಗೆ ಏನು ಹೇಳುತ್ತದೆ, ಪಂಗಡಗಳೆಷ್ಟು, ಹಬ್ಬಗಳಾವುವು. ನಾನು ಓದಿದ್ದೂ ಇದನ್ನೇ. ಪರೀಕ್ಷೆಗೆ ಇಷ್ಟು ಸಾಕು. ಆದರೆ ಕಟ್ಟೆಮಳಲವಾಡಿಯಲ್ಲಿದ್ದುಕೊಂಡು ಸುತ್ತಣ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ಸೀಮೆಯ ಪೂಜೆ, ಜಾತ್ರೆ, ಹರಕೆಗಳನ್ನು ಆ ಪಟ್ಟಿಯ ಪಕ್ಕ ಇಟ್ಟು ನೋಡುತ್ತ ಬಂದ ಮೇಲೆ ಒಂದು ಮಾತು ನನಗೆ ಗಟ್ಟಿಯಾಗಿದೆ. ಪಟ್ಟಿ ಬೇಡವೆಂದಲ್ಲ, ಅದನ್ನು ಕಲಿಯಲೇಬೇಕು. ಅದು ಎಲ್ಲಿ ಕೈಕೊಡುತ್ತದೆ ಎನ್ನುವುದನ್ನು ಪಕ್ಕದ ಊರಿನಲ್ಲೇ ಕಂಡುಕೊಂಡಾಗ ಮಾತ್ರ ಧರ್ಮಗಳ ಓದು ನಿಜವಾಗಿ ಶುರುವಾಗುತ್ತದೆ.

ಟಿಬೆಟ್ ನಿರಾಶ್ರಿತರು ನೆಲೆಸಿರುವ ಬೈಲಕುಪ್ಪೆಯನ್ನೇ ತೆಗೆದುಕೊಳ್ಳಿ. ಸೃಷ್ಟಿಕರ್ತನಾದ ದೇವರನ್ನು ಬೌದ್ಧಧರ್ಮ ಒಪ್ಪುವುದಿಲ್ಲ ಎಂದು ಪಠ್ಯಪುಸ್ತಕ ಹೇಳುತ್ತದೆ. ಅದು ಸುಳ್ಳಲ್ಲ. ಆದರೆ ನಮ್‌ಡ್ರೋಲಿಂಗ್‌ನ ಚಿನ್ನದ ದೇಗುಲದೊಳಗೆ ಹೋದವರ ಕಣ್ಣಿಗೆ ಬೀಳುವುದು ಸುಮಾರು 60 ಅಡಿಯ ಬುದ್ಧ. ಅವನ ಎರಡೂ ಬದಿಗೆ ಹೆಚ್ಚುಕಡಿಮೆ ಅಷ್ಟೇ ಎತ್ತರದ ಪದ್ಮಸಂಭವ ಮತ್ತು ಅಮಿತಾಯುಸ್. ಪುಸ್ತಕದ ಒಂದು ಸಾಲಿನಿಂದ ಈ ಮೂವರನ್ನು ವಿವರಿಸಲಾಗದು. ಅಲ್ಲೇ ಹತ್ತಿರದ ಸೆರಾ ಮಠದಲ್ಲಿ ಕಾಣುವುದು ಇನ್ನೊಂದು ಮುಖ. ಉತ್ತರ ಕೊಡಬೇಕಾದ ಭಿಕ್ಷು ನೆಲದ ಮೇಲೆ ಕುಳಿತಿರುತ್ತಾನೆ. ಪ್ರಶ್ನೆ ಹಾಕುವವನು ಎದುರಿಗೆ ನಿಂತು, ಮಾತು ಮುಗಿಯುವ ಹೊತ್ತಿಗೆ ಕಾಲನ್ನು ನೆಲಕ್ಕೆ ಅಪ್ಪಳಿಸಿ ಅಂಗೈಗೆ ಅಂಗೈ ತಟ್ಟುತ್ತಾನೆ. ಅದು ಜಗಳವಲ್ಲ, ಪಾಠ. ಅವರು ಓದುವ ಗ್ರಂಥಗಳಲ್ಲಿ 7ನೆಯ ಶತಮಾನದ ಧರ್ಮಕೀರ್ತಿಯ ಪ್ರಮಾಣವಾರ್ತಿಕವೂ ಒಂದು. ಭಾರತದಲ್ಲಿ ಹುಟ್ಟಿ, ಟಿಬೆಟ್ಟಿನಲ್ಲಿ ಉಳಿದ ತರ್ಕ 1960ರ ದಶಕದಿಂದೀಚೆಗೆ ನಿರಾಶ್ರಿತರ ಜೊತೆ ಪಿರಿಯಾಪಟ್ಟಣದ ಜೋಳದ ಹೊಲಗಳ ನಡುವೆ ಬಂದು ನೆಲೆಸಿದೆ. ಪೂಜೆಯ ಧರ್ಮವೋ ತರ್ಕದ ಧರ್ಮವೋ ಎಂದು ಕೇಳಿದರೆ ಎರಡೂ ಎನ್ನಬೇಕು. ಜೈನರ ವಿಷಯವೂ ಹೀಗೆಯೇ. ಪಟ್ಟಿಯಲ್ಲಿ 24 ತೀರ್ಥಂಕರರಿದ್ದಾರೆ, ಬಾಹುಬಲಿ ಅವರಲ್ಲೊಬ್ಬನಲ್ಲ. ಆದರೂ 981ರ ಶ್ರವಣಬೆಳಗೊಳದಿಂದ ಹಿಡಿದು ಕಾರ್ಕಳ, ವೇಣೂರು, ನಮ್ಮ ಹುಣಸೂರು ತಾಲ್ಲೂಕಿನ ಗೊಮ್ಮಟಗಿರಿಯವರೆಗೆ ಕನ್ನಡ ನಾಡಿನ ಜೈನರು ಕಲ್ಲಿನಲ್ಲಿ ಕಡೆದು ನಿಲ್ಲಿಸಿ ಅಭಿಷೇಕ ಮಾಡಿರುವುದು ಅವನಿಗೆ. ಗ್ರಂಥದ ಲೆಕ್ಕವೇ ಬೇರೆ, ಭಕ್ತಿಯ ಲೆಕ್ಕವೇ ಬೇರೆ.

ಇವು ಪಟ್ಟಿಯಲ್ಲಿ ಹೆಸರಿರುವ ಧರ್ಮಗಳು. ಹೆಸರೇ ಇಲ್ಲದ ಕಡೆ ಕಷ್ಟ ಇನ್ನೂ ಹೆಚ್ಚು. ಕೆ.ಆರ್. ನಗರದ ಕಡೆಯ ಕಪ್ಪಡಿಯಲ್ಲಿ ಕಾವೇರಿ ದಂಡೆಯ ರಾಚಪ್ಪಾಜಿ ಗದ್ದುಗೆಗೆ ಶಿವರಾತ್ರಿ ಕಳೆಯುತ್ತಲೇ ಜನ ಗಾಡಿ ಕಟ್ಟಿಕೊಂಡು ಬರುತ್ತಾರೆ. ಅಲ್ಲಿನ ಮಂಟೇಸ್ವಾಮಿ ಪರಂಪರೆಗೆ ಗ್ರಂಥವಿಲ್ಲ. ತಂಬೂರಿ ಹಿಡಿದು ನೀಲಗಾರರು ಹಾಡುವ ಮಂಟೇಸ್ವಾಮಿ ಕಾವ್ಯವಿದೆ. ಆ ಕಾವ್ಯದಲ್ಲಿ ಮಂಟೇಸ್ವಾಮಿ ಕಲ್ಯಾಣಕ್ಕೇ ಹೋಗಿ ಬಸವಣ್ಣನವರ ಶರಣರನ್ನು ಪರೀಕ್ಷಿಸುತ್ತಾರೆ. ಇದನ್ನು ಶೈವದ ಒಂದು ಕವಲೆಂದು ಬರೆದು ಮುಗಿಸಿದರೆ ಆ ಪರೀಕ್ಷೆಯ ಮೊನಚೇ ಮಾಯವಾಗುತ್ತದೆ. ಕೆಳಗೆ ತುಳಿಯಲ್ಪಟ್ಟವರು ಸುಧಾರಕರನ್ನೂ ಪ್ರಶ್ನಿಸಬಲ್ಲರು ಎಂಬುದೇ ಅದರ ತಿರುಳು. ಎಚ್.ಡಿ. ಕೋಟೆ, ಹುಣಸೂರಿನ ಹಾಡಿಗಳ ಜೇನುಕುರುಬರ ದೈವಗಳಿಗಂತೂ ಸ್ಥಾಪಕನೂ ಇಲ್ಲ, ಪುಸ್ತಕವೂ ಇಲ್ಲ; ಇರುವುದು ಕಾಡಿನೊಳಗಿನ ನಿರ್ದಿಷ್ಟ ಜಾಗಗಳು. ಕಾಡಿನಿಂದ ಎಬ್ಬಿಸಿ ಬೇರೆಡೆ ಮನೆ ಕಟ್ಟಿಕೊಟ್ಟರೂ ಆ ಜಾಗವನ್ನು ಹೊತ್ತು ತರಲಾಗುವುದಿಲ್ಲ. ಜನಗಣತಿಯ ನಮೂನೆಯಲ್ಲಿ ಆರು ಧರ್ಮಗಳ ಹೆಸರುಗಳಿವೆ, ಉಳಿದದ್ದೆಲ್ಲ ಇತರೆ. ಪಠ್ಯಪುಸ್ತಕದ ಪಟ್ಟಿಯೂ ಆ ನಮೂನೆಯ ಜಾತಿಗೇ ಸೇರಿದ್ದು.

ಹಾಗಾದರೆ ನಿಜವಾದ ಬೌದ್ಧ, ನಿಜವಾದ ಮುಸ್ಲಿಂ ಯಾರು ಎಂದು ತೀರ್ಮಾನಿಸುವುದು ಹೇಗೆ? ತೀರ್ಮಾನಿಸುವುದು ವಿದ್ಯಾರ್ಥಿಯ ಕೆಲಸವಲ್ಲ ಎನ್ನುವುದು ನಾನು ಕಲಿತ ಎರಡನೆಯ ಪಾಠ. ಲಾಹೋರಿನಲ್ಲಿ ಕೆಲ ವರ್ಷ ಪಾಠ ಮಾಡಿದ ಕೆನಡಾದ ವಿದ್ವಾಂಸ ವಿಲ್ಫ್ರೆಡ್ ಕ್ಯಾಂಟ್‌ವೆಲ್ ಸ್ಮಿತ್ ಒಂದು ಒರೆಗಲ್ಲು ಕೊಟ್ಟರು: ಒಂದು ಧರ್ಮದ ಬಗ್ಗೆ ನಾವು ಹೇಳಿದ ಮಾತನ್ನು ಆ ಧರ್ಮದವರೇ ಸರಿಯೆಂದು ಒಪ್ಪುವಂತಿರಬೇಕು. ಒಳ್ಳೆಯ ನಿಯಮ. ಆದರೆ ಯಾರು ಒಪ್ಪಬೇಕು? ಹಳೇ ಮೈಸೂರಿನ ಹಳ್ಳಿಗಳಲ್ಲಿ ಮೊಹರಂ ಬಾಬಯ್ಯನ ಹಬ್ಬವಾಗಿದೆ. 680ರಲ್ಲಿ ಕರ್ಬಲಾದಲ್ಲಿ ಮಡಿದ ಹುಸೇನರ ನೆನಪಿಗೆ ಪಂಜಾ ಕೂರಿಸಿದಾಗ ಹರಕೆ ತೀರಿಸುವವರಲ್ಲಿ ಹಿಂದೂಗಳೂ ಇರುತ್ತಾರೆ. ಇದು ಇಸ್ಲಾಮಿಗೆ ಸಲ್ಲದು ಎನ್ನುವ ಮುಸ್ಲಿಮರೂ ಇದ್ದಾರೆ. ಇಬ್ಬರ ಮಾತನ್ನೂ ಅವರವರ ಕಾರಣಗಳೊಂದಿಗೆ ಬರೆದಿಡುವುದು ಓದಿನ ಕೆಲಸ. ಒಬ್ಬರನ್ನು ಗೆಲ್ಲಿಸಿದರೆ ನಾವು ವಿದ್ಯಾರ್ಥಿಗಳಾಗಿ ಉಳಿಯದೆ ಕಕ್ಷಿದಾರರಾಗುತ್ತೇವೆ.

ಧರ್ಮಗಳನ್ನು ಕಾಲೇಜಿನಲ್ಲಿ ಹೀಗೆ ಓದಿಸುವುದಕ್ಕೆ ಆಕ್ಷೇಪಗಳಿವೆ. ಸರ್ಕಾರಿ ಕಾಲೇಜಿನಲ್ಲಿ ಧರ್ಮವನ್ನು ತರುವುದೇ ಸಂವಿಧಾನಕ್ಕೆ ವಿರುದ್ಧ ಎನ್ನುವುದು ಮೊದಲನೆಯದು. 28ನೆಯ ವಿಧಿ ತಡೆಯುವುದು ಪೂರ್ತಿ ಸರ್ಕಾರದ ಹಣದಲ್ಲೇ ನಡೆಯುವ ಸಂಸ್ಥೆಗಳಲ್ಲಿ ಧರ್ಮಬೋಧನೆಯನ್ನು. ಧರ್ಮವನ್ನು ಬೋಧಿಸುವುದು ಬೇರೆ, ಧರ್ಮಗಳ ಬಗ್ಗೆ ಕಲಿಸುವುದು ಬೇರೆ. 2002ರಲ್ಲಿ ಅರುಣಾ ರಾಯ್ ಮೊಕದ್ದಮೆಯಲ್ಲಿ ಸುಪ್ರೀಂ ಕೋರ್ಟು ಒಪ್ಪಿದ್ದು ಈ ವ್ಯತ್ಯಾಸವನ್ನೇ. ಅದಕ್ಕೂ ಮುಂಚೆ, 1964–66ರ ಕೊಠಾರಿ ಆಯೋಗ ಪ್ರಮುಖ ಧರ್ಮಗಳ ಆಯ್ದ ಮಾಹಿತಿ ಮೊದಲ ಪದವಿಯವರೆಗೂ ಸಾಮಾನ್ಯ ಶಿಕ್ಷಣದಲ್ಲಿರಲಿ ಎಂದು ಹೇಳಿತ್ತು. ಎಂದರೆ ಬಾಗಿಲು ಮುಚ್ಚಿಲ್ಲ, ಒಳಗೆ ಹೋದವರು ಕಡಿಮೆ. ಎರಡನೆಯ ಆಕ್ಷೇಪ ಮೇಲ್ನೋಟಕ್ಕೆ ಸೌಮ್ಯ: ಎಲ್ಲ ಧರ್ಮಗಳ ಸಾರವೂ ಒಂದೇ ಅಂದಮೇಲೆ ಬಿಡಿಬಿಡಿಯಾಗಿ ಓದುವುದೇಕೆ? ಮೈಸೂರಿನ ಮಹಾರಾಜ ಕಾಲೇಜಿನಲ್ಲಿ 1918ರಿಂದ 1921ರವರೆಗೆ ತತ್ವಶಾಸ್ತ್ರ ಕಲಿಸಿದ ರಾಧಾಕೃಷ್ಣನ್, ಮುಂದೆ ತಮ್ಮ ಅಧ್ಯಕ್ಷತೆಯ 1948–49ರ ವಿಶ್ವವಿದ್ಯಾಲಯ ಶಿಕ್ಷಣ ಆಯೋಗದಲ್ಲಿ ಮೊದಲ ವರ್ಷ ಮಹಾಪುರುಷರ ಜೀವನ, ಎರಡನೆಯ ವರ್ಷ ಗ್ರಂಥಗಳಿಂದ ಎಲ್ಲರಿಗೂ ಸಲ್ಲುವ ಆಯ್ದ ಭಾಗಗಳು, ಮೂರನೆಯ ವರ್ಷ ಧರ್ಮದ ತಾತ್ವಿಕ ಸಮಸ್ಯೆಗಳು ಎಂದು ಕ್ರಮ ಹಾಕಿಕೊಟ್ಟರು. ಆಶಯ ದೊಡ್ಡದು. ಆದರೆ ಎಲ್ಲರಿಗೂ ಸಲ್ಲುವುದನ್ನಷ್ಟೇ ಆರಿಸಿದರೆ ಒಂದೊಂದು ಧರ್ಮಕ್ಕೂ ಅದರದೇ ಆದ ಮುಖ ಉಳಿಯುವುದಿಲ್ಲ. ಇದೇ ಸೀಮೆಯ ಡೋರ್ನಹಳ್ಳಿಯ ಕ್ರೈಸ್ತರು ದೇವರು ಮನುಷ್ಯನಾದ ಎನ್ನುತ್ತಾರೆ, ಸೆರಾದ ಭಿಕ್ಷುಗಳು ಸೃಷ್ಟಿಕರ್ತನೇ ಇಲ್ಲ ಎಂದು ವಾದಿಸುತ್ತಾರೆ. ಎರಡೂ ಒಂದೇ ಎನ್ನುವವರು ಎರಡನ್ನೂ ಕಿವಿಗೊಟ್ಟು ಕೇಳಿಲ್ಲ.

ನಾಲ್ಕು ತಾಲ್ಲೂಕು ಸುತ್ತಿದರೆ ಜಗತ್ತಿನ ಧರ್ಮ ಓದಿದಂತಾಯಿತೇ ಎಂಬುದು ಮೂರನೆಯ ಆಕ್ಷೇಪ. ಅಷ್ಟಕ್ಕೇ ನಿಂತರೆ ಇಲ್ಲ, ಹೊರಡಲು ಮಾತ್ರ ಧಾರಾಳ ಸಾಕು. ಉಳುವಾಗ ಹೊಲದಲ್ಲಿ ಸಿಕ್ಕಿತೆಂದು ನಂಬಿರುವ ಮರದ ಪ್ರತಿಮೆಯಿಂದ ಹೆಸರಾದ, 2019ರಲ್ಲಿ ಬಸಿಲಿಕಾ ಪದವಿ ಪಡೆದ ಡೋರ್ನಹಳ್ಳಿ ಚರ್ಚಿನ ಸಂತ ಅಂತೋಣಿ ಹುಟ್ಟಿದ್ದು ಲಿಸ್ಬನ್ನಿನಲ್ಲಿ, ತೀರಿಕೊಂಡದ್ದು 1231ರಲ್ಲಿ ಪದುವಾದಲ್ಲಿ. ಜೂನ್ 13ರ ಹಬ್ಬಕ್ಕೆ ಹರಕೆ ಹೊತ್ತು ಬರುವ ಎಲ್ಲ ಜಾತಿಯವರನ್ನೂ ಕಂಡವರು ಆ ಸಂತ ಇಲ್ಲಿಗೆ ಬಂದದ್ದು ಹೇಗೆ ಎಂದು ಹುಡುಕುತ್ತ ಯುರೋಪನ್ನು ಓದಲೇಬೇಕಾಗುತ್ತದೆ. ಬೈಲಕುಪ್ಪೆ ಲಾಸಾದ ಚರಿತ್ರೆ ಓದಿಸುತ್ತದೆ, ಬಾಬಯ್ಯನ ಹಬ್ಬ ಕರ್ಬಲಾದ್ದನ್ನು. ಹೀಗೆ ಓದುವುದರಿಂದ ಮಕ್ಕಳ ಸ್ವಂತ ನಂಬಿಕೆ ಸಡಿಲವಾಗುತ್ತದೆ ಎಂದು ಹೆತ್ತವರು ಹೆದರುವುದೂ ಉಂಟು. ಕೆಲವರದು ಸಡಿಲವಾಗಬಹುದು, ಕೆಲವರದು ಬಿಗಿಯಾಗಬಹುದು. ಎರಡಕ್ಕೂ ಕಾಲೇಜು ಹೊಣೆಯಲ್ಲ. ಅದರ ಹೊಣೆ ಇಷ್ಟೇ: ಪದವಿ ಮುಗಿಸುವ ಪ್ರತಿಯೊಬ್ಬರೂ ತಮ್ಮದಲ್ಲದ ಒಂದು ಆಚರಣೆಯ ಬಗ್ಗೆ ಹತ್ತು ಪುಟ ಬರೆಯಬೇಕು, ಅದನ್ನು ಆ ಜನರೆದುರಿಗೇ ಓದಬೇಕು, ಅವರು ತಪ್ಪೆಂದದ್ದನ್ನು ತಿದ್ದಬೇಕು, ತಿದ್ದಲು ಒಪ್ಪದಿದ್ದರೆ ಕಾರಣ ಕೊಡಬೇಕು. ಇದಕ್ಕೆ ಬಸ್ ಚಾರ್ಜು ಬಿಟ್ಟರೆ ಖರ್ಚಿಲ್ಲ. ನೆರೆಯವರ ಧರ್ಮದ ಬಗ್ಗೆ ಮೊಬೈಲಿನಲ್ಲಿ ಬಂದದ್ದನ್ನೆಲ್ಲ ನಂಬುವ ಈ ಕಾಲದಲ್ಲಿ, ಅವರ ಬಗ್ಗೆ ಆಡಿದ ಮಾತನ್ನು ಅವರ ಮುಂದೆಯೇ ಆಡಬಲ್ಲವರು ತಯಾರಾದರೆ ಧರ್ಮಗಳ ಕುರಿತ ಒಂದು ಪತ್ರಿಕೆ ಪಠ್ಯಕ್ರಮದಲ್ಲಿದ್ದದ್ದು ಸಾರ್ಥಕ.