ಸೇವಂತಿಗೆ ಇರುಳನ್ನು ಅಳೆಯುತ್ತದೆ

ಹೊಸೂರು ಸೀಮೆಯಲ್ಲಿ ಸೇವಂತಿಗೆ ಬೆಳೆಯುವ ರೈತ ಬಾಂಧವರು ಅನೇಕರು. ನೀರು, ಗೊಬ್ಬರ, ಔಷಧಿಗಳ ಲೆಕ್ಕವನ್ನು ಎಲ್ಲರೂ ಇಡುತ್ತಾರೆ. ಇರುಳಿನ ಲೆಕ್ಕವನ್ನು ಇಡುವವರು ಕಡಿಮೆ. ಪಂಪ್‌ಸೆಟ್ಟಿನ ಕೊಠಡಿಯ ಮುಂದೆ ರಾತ್ರಿಯೆಲ್ಲ ಬಲ್ಬು ಉರಿಯುತ್ತಿದ್ದರೆ, ಅದರ ಬೆಳಕು ಬೀಳುವ ಸಾಲುಗಳಲ್ಲಿ ಗಿಡ ಹಚ್ಚಗೆ ಬೆಳೆದರೂ ಮೊಗ್ಗು ತಡವಾಗುತ್ತದೆ. ಹಬ್ಬ ಕಳೆದ ಮೇಲೆ ಬಂದ ಹೂವಿಗೆ ಬೆಲೆ ಎಲ್ಲಿಯದು? ಇದು ಗೊಬ್ಬರದ ದೋಷವಲ್ಲ, ರೋಗವೂ ಅಲ್ಲ. ಗಿಡಕ್ಕೆ ಬೇಕಾದಷ್ಟು ಕತ್ತಲೆ ಸಿಗಲಿಲ್ಲ, ಅಷ್ಟೆ.

ಈ ಗುಟ್ಟು ತಿಳಿದು ಬಂದ ಬಗೆ

1912ರಲ್ಲಿ ಫ್ರಾನ್ಸಿನ ಟೂರ್ನ್ವಾ ಎಂಬ ವಿಜ್ಞಾನಿಯು ಭಂಗಿ ಗಿಡ ಮತ್ತು ಹಾಪ್ಸ್ ಬಳ್ಳಿಗಳನ್ನು ಪರೀಕ್ಷಿಸಿ, ದಿನದ ಬೆಳಕನ್ನು ಕಡಿಮೆ ಮಾಡಿದರೆ ಅವು ಬೇಗನೆ ಹೂ ಬಿಡುವುದನ್ನು ಕಂಡನು. 1920ರಲ್ಲಿ ಅಮೆರಿಕದ ಗಾರ್ನರ್ ಮತ್ತು ಅಲ್ಲಾರ್ಡ್ ಎಂಬವರು ಹೊಗೆಸೊಪ್ಪು, ಸೋಯಾ ಅವರೆ ಮುಂತಾದ ಬೆಳೆಗಳಲ್ಲಿ ಇದನ್ನೇ ವಿಸ್ತಾರವಾಗಿ ತೋರಿಸಿದರು. ಇಂತಹ ಗಿಡಗಳಿಗೆ ಮುಖ್ಯವಾದುದು ಹಗಲಿನ ಅಳತೆಯಲ್ಲ, ನಡುವೆ ಕಡಿಯದ ಇರುಳಿನ ಅಳತೆ ಎಂಬುದು 1938ರ ಪ್ರಯೋಗಗಳಿಂದ ಗೊತ್ತಾಯಿತು. ಸೇವಂತಿಗೆಯೂ ಇದೇ ವರ್ಗದ ಗಿಡ.

ಹೊಲದ ಬೆಳೆ

ನಮ್ಮ ಕಡೆ ಅತಿ ದೀರ್ಘವಾದ ಹಗಲು ಸುಮಾರು 13 ಗಂಟೆ. ಡಿಸೆಂಬರಿನಲ್ಲಿ ಅದು ಹನ್ನೊಂದೂವರೆ ಗಂಟೆಗೂ ತುಸು ಕಡಿಮೆಯಾಗುತ್ತದೆ. ನಮಗೆ ಅಲ್ಪವೆನಿಸುವ ಈ ವ್ಯತ್ಯಾಸವನ್ನು ಗಿಡ ಗುರುತಿಸುತ್ತದೆ.

ಬೇರು ಬಿಟ್ಟ ಕಂದು ಅಥವಾ ಕುಡಿತುಂಡುಗಳನ್ನು ಜೂನ್, ಜುಲೈ ತಿಂಗಳಲ್ಲಿ ಅಡಿಗೊಂದರಂತೆ ನೆಡಬೇಕು. ಸುಮಾರು ನಾಲ್ಕು ವಾರಕ್ಕೆ ಕುಡಿ ಚಿವುಟಿದರೆ ಪಕ್ಕದ ಕವಲುಗಳು ಒಡೆಯುತ್ತವೆ. ಸೆಪ್ಟೆಂಬರ್ ಕೊನೆಯಿಂದ ಹಗಲಿಗಿಂತ ಇರುಳು ದೊಡ್ಡದಾಗತೊಡಗಿ, ತುಂಬಿ ಬೆಳೆದ ಗಿಡ ಮೊಗ್ಗಿಗೆ ತಿರುಗುತ್ತದೆ. ತಡಮಾಡಿ ಸೆಪ್ಟೆಂಬರಿನಲ್ಲಿ ನೆಟ್ಟರೆ, ಕವಲೊಡೆಯುವ ಮೊದಲೇ ದೀರ್ಘ ಇರುಳು ಬಂದು, ಕುಳ್ಳ ಗಿಡದಲ್ಲಿ ನಾಲ್ಕಾರು ಹೂಗಳಷ್ಟೇ ದೊರೆಯುತ್ತವೆ. ಮುಂದೆ ಎಷ್ಟು ಗೊಬ್ಬರ ಸುರಿದರೂ ಕಳೆದ ಆ ಎರಡು ತಿಂಗಳು ಹಿಂದಿರುಗವು.

ಪಾಲಿಹೌಸಿನ ಬೆಳೆ

ಒಳಗಡೆ ಬೆಳೆಯುವ ಉದ್ದ ಕಾಂಡದ ತಳಿಗಳಲ್ಲಿ ಅನೇಕಕ್ಕೆ ಮೊಗ್ಗು ಹಿಡಿಯಲು ಒಂಬತ್ತೂವರೆ ಗಂಟೆಯ ಕತ್ತಲೆಯೇ ಸಾಕು. ನಮ್ಮಲ್ಲಿ ಅತಿ ಕಿರಿದಾದ ಇರುಳೂ 11 ಗಂಟೆಯಷ್ಟು. ಆದುದರಿಂದ ಹಾಗೆಯೇ ಬಿಟ್ಟರೆ ಯಾವ ಋತುವಿನಲ್ಲಾದರೂ ಅವು ಗೇಣುದ್ದದಲ್ಲೇ ಮೊಗ್ಗು ಹಿಡಿದಾವು.

ಇದನ್ನು ತಡೆಯಲು ನೆಟ್ಟ ದಿನದಿಂದ ಮೂರರಿಂದ ಐದು ವಾರ, ರಾತ್ರಿ 10ರಿಂದ 2 ಗಂಟೆಯವರೆಗೆ ದೀಪ ಹಾಕುತ್ತಾರೆ. ಒಂದು ದೊಡ್ಡ ಇರುಳು ಹೀಗೆ ಎರಡು ತುಂಡಾಗುತ್ತದೆ. ಗಿಡ ಎಲೆ, ಕಾಂಡಗಳನ್ನೇ ಬೆಳೆಸುತ್ತದೆ. ಕಾಂಡ ಸುಮಾರು ಒಂದಡಿಗೆ ಬಂದಾಗ ದೀಪ ನಿಲ್ಲಿಸಬೇಕು. ಬೇಸಿಗೆಯ ದಿನಗಳಲ್ಲಿ ಸಂಜೆ 6ರಿಂದ ಬೆಳಿಗ್ಗೆ 7ರವರೆಗೆ ಕಪ್ಪು ಬಟ್ಟೆ ಮುಚ್ಚಿ ಇರುಳನ್ನು ದೊಡ್ಡದು ಮಾಡುವುದೂ ಉಂಟು. ಅಲ್ಲಿಂದ ತಳಿಗೆ ತಕ್ಕಂತೆ 7ರಿಂದ 10 ವಾರಗಳಲ್ಲಿ ಹೂ ಕೊಯ್ಲಿಗೆ ಬರುತ್ತದೆ. ಬೇಕಾದ ಹಬ್ಬದಿಂದ ಹಿಂದಕ್ಕೆ ಎಣಿಸಿದರೆ ನೆಡುವ ದಿನ ತಾನೇ ಸಿಕ್ಕುತ್ತದೆ.

ನೆನಪಿಡತಕ್ಕ ಮಾತುಗಳು

ದೀಪದ ವಾರಗಳಲ್ಲಿ ಕರೆಂಟು ಹೋಗಿ ಸಾಲಾಗಿ ಕೆಲವು ರಾತ್ರಿ ಕತ್ತಲಾದರೆ ಕಾಂಡ ಗಿಡ್ಡಗಿರುವಾಗಲೇ ಮೊಗ್ಗು ಬರುತ್ತದೆ. ಜನರೇಟರ್ ಅಥವಾ ಬ್ಯಾಟರಿಯ ಏರ್ಪಾಡು ಮೊದಲೇ ಇರಲಿ. ಕತ್ತಲೆಯ ವಾರಗಳಲ್ಲಿ ಬಟ್ಟೆಯ ಹರಕು, ಬೀದಿ ದೀಪ, ಕಾವಲುಗಾರನ ಬಲ್ಬು ಇವುಗಳ ಕಡೆ ಗಮನವಿರಬೇಕು. ಮುಚ್ಚಿದ ಬಟ್ಟೆಯೊಳಗೆ ಸೆಕೆ ಏರಿದರೂ ಮೊಗ್ಗು ತಡವಾಗುತ್ತದೆ, ಗಾಳಿಯಾಡುವಂತೆ ನೋಡಿಕೊಳ್ಳಬೇಕು.

ಇಂದು ರಾತ್ರಿ ಊಟವಾದ ಮೇಲೆ ಒಮ್ಮೆ ತೋಟಕ್ಕೆ ಹೋಗಿ, ಯಾವ ಸಾಲಿನ ಮೇಲೆ ಯಾವ ದೀಪದ ಬೆಳಕು ಬೀಳುತ್ತಿದೆ ಎಂದು ನೋಡಿರಿ. ಆ ದೀಪದ ಮುಖ ತಿರುಗಿಸುವುದಕ್ಕೆ ಒಂದು ಕಾಸಿನ ಖರ್ಚೂ ಇಲ್ಲ.