ಆರೋಗ್ಯ ಪ್ರಶ್ನೋತ್ತರ: ಖಿನ್ನತೆಯಲ್ಲಿ ವ್ಯಾಯಾಮದ ಪಾಲೆಷ್ಟು?

ಪ್ರಶ್ನೆ: ಖಿನ್ನತೆಗೆ ನಾಲ್ಕು ತಿಂಗಳಿಂದ ಮಾತ್ರೆ ಸೇವಿಸುತ್ತಿರುವ ಪತ್ನಿಗೆ ಈಗ ಲವಲವಿಕೆ ಮರಳಿದೆ. ಮಾತ್ರೆ ಚಟವಾಗುತ್ತದೆಂದು ಬಂಧುಗಳು ಹೇಳುತ್ತಿರುವುದರಿಂದ, ಅದನ್ನು ನಿಲ್ಲಿಸಿ ಬೆಳಗಿನ ನಡಿಗೆಯೊಂದನ್ನೇ ಮುಂದುವರಿಸಬಹುದೇ? (ಹಾಸನದ ಓದುಗರು)

ಉತ್ತರ: ಖಂಡಿತ ನಿಲ್ಲಿಸಬಾರದು. ಖಿನ್ನತೆ ನಿವಾರಕ ಮಾತ್ರೆಗಳು ಮದ್ಯ, ತಂಬಾಕುಗಳಂತೆ ಚಟ ಹಿಡಿಸುವುದಿಲ್ಲ. ಥಟ್ಟನೆ ಬಿಟ್ಟಾಗ ತಲೆಸುತ್ತು, ಸಿಡುಕು, ನಿದ್ರಾಭಂಗ ಕಾಣಿಸಿಕೊಳ್ಳಬಹುದಾದ್ದರಿಂದ ವೈದ್ಯರು ಪ್ರಮಾಣವನ್ನು ಹಂತಹಂತವಾಗಿ ಇಳಿಸುತ್ತಾರೆ, ಇದನ್ನೇ ಚಟವೆಂದು ತಿಳಿದವರು ಸಲಹೆ ಕೊಡುವುದಕ್ಕೂ ಮುಂದಾಗುತ್ತಾರೆ. ಗುಣ ಕಂಡ ಬಳಿಕವೂ ಸಾಮಾನ್ಯವಾಗಿ ಆರು ತಿಂಗಳಾದರೂ ಔಷಧ ಮುಂದುವರಿಯಬೇಕು, ಇಲ್ಲವಾದರೆ ಕಾಯಿಲೆ ಮರುಕಳಿಸುವ ಸಂಭವ ಹೆಚ್ಚು.

ನಡಿಗೆಯ ಪಕ್ಷ ವಹಿಸುವವರು ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಜೇಮ್ಸ್ ಬ್ಲೂಮೆಂಥಾಲ್ ಮತ್ತು ಸಂಗಡಿಗರು 1999ರಲ್ಲಿ ಪ್ರಕಟಿಸಿದ ಅಧ್ಯಯನವನ್ನು ಮುಂದಿಡುವುದುಂಟು. 50 ವರ್ಷ ಮತ್ತು ಅದಕ್ಕೆ ಮೇಲ್ಪಟ್ಟ 156 ಖಿನ್ನತೆಯ ರೋಗಿಗಳನ್ನು ವ್ಯಾಯಾಮ, ಸರ್ಟ್ರಲೀನ್ ಎಂಬ ಔಷಧ, ಇವೆರಡೂ ಎಂದು ಮೂರು ಗುಂಪು ಮಾಡಿ ನೋಡಿದಾಗ, ಔಷಧ ಪಡೆದವರಲ್ಲಿ ಸುಧಾರಣೆ ಬೇಗ ಕಂಡರೂ 16 ವಾರಗಳ ಕೊನೆಗೆ ಗುಂಪುಗಳ ನಡುವೆ ಗಮನಾರ್ಹ ವ್ಯತ್ಯಾಸ ಉಳಿದಿರಲಿಲ್ಲ. ಆದರೆ ಆ ವ್ಯಾಯಾಮ ಮೇಲ್ವಿಚಾರಕರ ಎದುರಿನಲ್ಲಿ ವಾರಕ್ಕೆ ಮೂರು ಬಾರಿ ನಡೆದದ್ದು. ಮಾತ್ರೆಯಿಂದ ಚೇತರಿಸಿಕೊಂಡವರು ಅದನ್ನು ಬಿಟ್ಟು ನಡೆದರೆ ಏನಾಗುತ್ತದೆಂಬುದನ್ನು ಅಲ್ಲಿ ಪರೀಕ್ಷಿಸಿರಲೇ ಇಲ್ಲ. ನಡಿಗೆಯೂ ಇರಲಿ, ಮಾತ್ರೆಯೂ ಇರಲಿ.

ಪ್ರಶ್ನೆ: ಪದವಿ ಮುಗಿಸಿದ ಮಗ ಎರಡು ತಿಂಗಳಿಂದ ಹಾಸಿಗೆ ಬಿಟ್ಟು ಏಳುತ್ತಿಲ್ಲ, ಊಟವೂ ಅಷ್ಟಕ್ಕಷ್ಟೆ. ಜಿಮ್‌ಗೆ ಸೇರಿಸಿದರೆ ಈ ಸೋಮಾರಿತನ ಹೋದೀತೇ? (ಕಲಬುರಗಿಯ ಓದುಗರು)

ಉತ್ತರ: ಊಟವನ್ನೂ ಬಿಟ್ಟ ಹುಡುಗನನ್ನು ಸೋಮಾರಿ ಎನ್ನುವುದು ಅನ್ಯಾಯ. ಜಿಮ್‌ಗೆ ಮೊದಲು ಮನೋವೈದ್ಯರ ಭೇಟಿಯಾಗಲಿ. ಜೊತೆಗೆ ಹಿಮೋಗ್ಲೋಬಿನ್, ಥೈರಾಯ್ಡ್, ವಿಟಮಿನ್ ಬಿ12 ಮತ್ತು ಸಕ್ಕರೆಯ ಪರೀಕ್ಷೆಗಳೂ ಆಗಲಿ, ಏಕೆಂದರೆ ಥೈರಾಯ್ಡ್ ಗ್ರಂಥಿಯ ಸ್ರಾವ ತಗ್ಗಿದರೂ, ಸಸ್ಯಾಹಾರಿಗಳಲ್ಲಿ ಸಾಮಾನ್ಯವಾದ ಬಿ12 ಕೊರತೆಯಿದ್ದರೂ ಇದೇ ಬಗೆಯ ಆಯಾಸ, ನಿರುತ್ಸಾಹ ತಲೆದೋರುತ್ತವೆ. ಮನಸ್ಸು ಬಂದಾಗ ಎದ್ದರಾಯಿತೆಂದು ಕಾಯದೆ, ಮೊದಲು ಸಣ್ಣ ಕೆಲಸವೊಂದನ್ನು ಮಾಡಿಸಿ ಮನಸ್ಸು ಅದರ ಹಿಂದೆ ಬರಲು ಬಿಡುವ ಚಿಕಿತ್ಸಾ ಕ್ರಮವೊಂದಿದೆ. ಅದರಂತೆ ಮನೆಯವರೊಬ್ಬರು ಜೊತೆಗೂಡಿ ಬೀದಿಯ ತಿರುವಿನವರೆಗೆ ಹೋಗಿ ಬಂದರೂ ಮೊದಲ ವಾರಕ್ಕೆ ಸಾಕು. ಸಾಯುವ ಮಾತನ್ನಾಡಿದರೆ ಮಾತ್ರ ನಡಿಗೆಗಾಗಲಿ ರಕ್ತಪರೀಕ್ಷೆಯ ವರದಿಗಾಗಲಿ ಕಾಯಬಾರದು, ಒಬ್ಬನನ್ನೇ ಬಿಡದೆ ಆಸ್ಪತ್ರೆಗೆ ಕರೆದೊಯ್ಯಬೇಕು. ಕೇಂದ್ರ ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ 14416 ಹಗಲಿರುಳೂ ಉಚಿತವಾಗಿ ದೊರೆಯುತ್ತದೆ.

ಪ್ರಶ್ನೆ: ಮನಸ್ಥಿತಿಯ ಏರುಪೇರನ್ನು ತಡೆಯುವ ಲಿಥಿಯಂ ಎಂಬ ಔಷಧ ಸೇವಿಸುವವರು ಬೇಸಿಗೆಯಲ್ಲಿ ಶಟಲ್ ಆಡಬಹುದೇ? (ಬಳ್ಳಾರಿಯ ಓದುಗರು)

ಉತ್ತರ: ಬಿಸಿಲೇರುವ ಮುನ್ನ, ನೀರು ಕುಡಿಯುತ್ತ ಆಡಬಹುದು. ದೇಹದಲ್ಲಿ ನೀರು, ಉಪ್ಪು ತಗ್ಗಿದರೆ ಮೂತ್ರಪಿಂಡಗಳು ಲಿಥಿಯಂ ಅನ್ನು ಹಿಡಿದಿಟ್ಟುಕೊಂಡು ರಕ್ತದಲ್ಲಿ ಅದರ ಮಟ್ಟ ಅಪಾಯಕರವಾಗಿ ಏರಬಹುದು. ಲಿಥಿಯಂ ಮಟ್ಟ, ಮೂತ್ರಪಿಂಡ ಹಾಗೂ ಥೈರಾಯ್ಡ್ ಪರೀಕ್ಷೆಗಳನ್ನು ವೈದ್ಯರು ಹೇಳಿದ ಅವಧಿಗೆ ತಪ್ಪದೆ ಮಾಡಿಸಬೇಕು. ಕೈನಡುಕ ಹೆಚ್ಚಿದರೆ, ವಾಂತಿಯಾದರೆ, ಹೆಜ್ಜೆ ತೂರಾಡಿದರೆ ಅಂದೇ ಆಸ್ಪತ್ರೆಗೆ ಹೋಗಬೇಕು.